ಹಳೇ ಮನೆ ರಿಪೇರಿ: ಮೊದಲು ನೀರು, ಆಮೇಲೆ ಬಣ್ಣ

ನನ್ನ ಕೆಲಸ ದಾವಣಗೆರೆಯಲ್ಲಿ. ಅಮ್ಮ ಇರೋದು ಚಿತ್ರದುರ್ಗದ ಹಳೇ ಮನೆಯಲ್ಲಿ, ಬುರುಜನಹಟ್ಟಿ ಕಡೆ. ಹೆದ್ದಾರಿಯಲ್ಲಿ ಹೆಚ್ಚುಕಮ್ಮಿ 60 ಕಿಲೋಮೀಟರ್. ಶನಿವಾರ ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಅಲ್ಲಿರುತ್ತೇನೆ, ಭಾನುವಾರ ರಾತ್ರಿ ವಾಪಸ್. ಹಾಗಾಗಿ ಯಾವ ರಿಪೇರಿ ಹಿಡಿದರೂ ಒಂದು ಷರತ್ತು ಇದ್ದೇ ಇರುತ್ತದೆ: ಭಾನುವಾರ ಸಂಜೆ ಅಮ್ಮನಿಗೆ ನಲ್ಲಿಯಲ್ಲಿ ನೀರು ಬರಬೇಕು, ಅಡುಗೆಮನೆ ನಡೆಯಬೇಕು, ಬಾಗಿಲಿಗೆ ಚಿಲಕ ಬೀಳಬೇಕು. ಅಷ್ಟರಲ್ಲಿ ಮುಗಿಯದ ಕೆಲಸವನ್ನು ತುಂಡು ಮಾಡಿಕೊಳ್ಳುತ್ತೇನೆ. ತುಂಡಾಗದಿದ್ದರೆ ಕೆಲಸದವರಿಗೆ ಬಿಡುತ್ತೇನೆ.

ಹಳೇ ಮನೆ ಸರಿಮಾಡಬೇಕು ಅಂದ ತಕ್ಷಣ ಎಲ್ಲರೂ ಬಣ್ಣದ ಅಂಗಡಿಗೆ ಹೋಗುತ್ತಾರೆ. ನನ್ನ ಪ್ರಕಾರ ಬಣ್ಣ ಕಟ್ಟಕಡೆಗೆ. ನೀರು ಎಲ್ಲಿಂದ ಬರ್ತಿದೆ, ಎಲ್ಲಿ ನಿಲ್ತಿದೆ ಅಂತ ತಿಳಿಯೋವರೆಗೂ ಗೋಡೆಗೆ ಹಾಕಿದ ದುಡ್ಡು ಉದುರಿ ನೆಲಕ್ಕೇ ಬೀಳುತ್ತದೆ.

ನಮ್ಮ ನಡುಮನೆ ಗೋಡೆಯಲ್ಲಿ ಆಗಿದ್ದೂ ಅದೇ. ಮೊಣಕಾಲೆತ್ತರದವರೆಗೆ ಬಣ್ಣ ಹಪ್ಪಳದಂತೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಪುಡಿ. ಆ ಪುಡಿಯ ಕೆಳಗೆ ಬಿಳಿ ಉಪ್ಪು, ಸಣ್ಣ ಸಣ್ಣ ಸೂಜಿಯ ಹಾಗೆ ನಿಂತಿತ್ತು. ಸುಮಾರು ಒಂದೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ ಅದು. ಅಡಿಪಾಯದಲ್ಲಿ ತೇವ ತಡೆಯುವ ಪದರ ಇಲ್ಲ. ನೆಲದ ತೇವ ಗೋಡೆ ಹತ್ತುತ್ತದೆ. ಸುಣ್ಣದ ಗಾರೆ ಇದ್ದಾಗ ಆ ತೇವ ಆರಿ ಹೊರಗೆ ಹೋಗುತ್ತಿತ್ತು. ನಡುವೆ ಯಾವಾಗಲೋ ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಂತು, ಅದರ ಮೇಲೆ ಆಯಿಲ್ ಪೇಂಟು ಬಂತು. ಹೊರಗೆ ಹೋಗಲು ದಾರಿ ಇಲ್ಲದ ನೀರು ಇನ್ನೂ ಮೇಲಕ್ಕೆ ಹತ್ತಿತು. ನೀರಿನ ಜೊತೆ ಬಂದ ಉಪ್ಪು ಒಣಗುವಾಗ ಹರಳುಗಟ್ಟಿ ಪ್ಲಾಸ್ಟರನ್ನು ಒಳಗಿನಿಂದ ತಳ್ಳುತ್ತದೆ. ಅದರ ಮೇಲೆ ಎಷ್ಟು ಪುಟ್ಟಿ ಬಳಿದರೂ ಅಷ್ಟೇ.

ತೇವ ಗೋಡೆಯದ್ದೋ ಕೋಣೆಯದ್ದೋ ಅಂತ ತಿಳಿಯಲು ಒಂದು ಸುಲಭ ಉಪಾಯ ಇದೆ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಮುಂದಿನ ವಾರ ನೋಡಿ. ಗೋಡೆ ಕಡೆಯ ಮೈಯಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆ ಕಡೆ ಕಂಡರೆ ಗಾಳಿಯಾಡುವುದಿಲ್ಲ ಅಂತ ಅರ್ಥ, ಕಿಟಕಿ ತೆಗೆದಿಟ್ಟರೆ ಅರ್ಧ ಸಮಸ್ಯೆ ಹೋಯಿತು. ವಾರಕ್ಕೊಮ್ಮೆ ಬರೋ ನನ್ನಂಥವರಿಗೆ ಹೇಳಿ ಮಾಡಿಸಿದ ಪರೀಕ್ಷೆ ಇದು.

ನಮ್ಮದು ಗೋಡೆಯ ನೀರೇ. ಪಕ್ಕದ ಸಂದಿಗೆ ಹೋಗಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಕಾಂಕ್ರೀಟ್ ಹಾಕಿದಾಗಲೆಲ್ಲ ಸಂದಿ ಎತ್ತರವಾಗುತ್ತಾ ಬಂದು ಮನೆಯ ಒಳನೆಲಕ್ಕಿಂತ ಮೇಲಿತ್ತು. ಮಾಳಿಗೆಯಿಂದ ಇಳಿಯುವ ಮಳೆ ನೀರಿನ ಪೈಪು ಮಧ್ಯದಲ್ಲೇ ಮುರಿದು ನೇರ ಗೋಡೆಬುಡಕ್ಕೆ ಸುರಿಯುತ್ತಿತ್ತು. ಈ ಊರಿನ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ ಅಂತ ನೀರನ್ನು ಲೆಕ್ಕ ಹಾಕಿ ಹರಿಸಿದ್ದಾರೆ. ನಮಗೆ ಒಂದು ಪೈಪು ನೋಡಿಕೊಳ್ಳೋಕೆ ಆಗಿರಲಿಲ್ಲ, ಅಲ್ವಾ!

ಪೈಪು ಬದಲಿಸಿ ಮೋರಿವರೆಗೆ ಎಳೆದೆ. ಗೋಡೆಗೆ ತಾಗಿದ್ದ ಕಾಂಕ್ರೀಟನ್ನು ಒಂದಡಿ ಅಗಲಕ್ಕೆ ಒಡೆಸಿ, ನೀರು ಗೋಡೆಯಿಂದ ಆಚೆ ಹೋಗುವಂತೆ ಇಳಿಜಾರು ಮಾಡಿಸಿದೆ. ಆಮೇಲೆ ಒಳಗೆ ಬಂದು ಉಳಿ-ಸುತ್ತಿಗೆ ಹಿಡಿದು, ತೇವದ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿದೆ. ಡ್ರಿಲ್ಲಿಂಗ್ ಮೆಷಿನ್ ಬೇಡ, ಮಣ್ಣಿನ ಗೋಡೆ ಅದುರುತ್ತದೆ. ಕೆತ್ತಿದ ಗೋಡೆಯನ್ನು ಬೇಸಿಗೆ ಪೂರ್ತಿ ಹಾಗೇ ಬಿಟ್ಟೆ. ನೆಂಟರು ಬಂದಾಗ ಅಮ್ಮನಿಗೆ ಮುಜುಗರ. "ಇನ್ನೂ ಎಷ್ಟು ದಿನ ಹಿಂಗೇ ಬಿಡ್ತೀಯೋ?" ಅಂತ ಪ್ರತಿ ವಾರ ಕೇಳುತ್ತಿದ್ದರು. ಆದರೆ ಗೋಡೆ ಒಣಗಿಸುವ ವಿಷಯದಲ್ಲಿ ಅವಸರ ನಡೆಯೋದಿಲ್ಲ.

ಗಾರೆಗೆ ಸುಟ್ಟ ಸುಣ್ಣ ತಂದು ಮನೆಯಲ್ಲೇ ಅರಳಿಸಿದೆ. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸುಣ್ಣದ ಕಲ್ಲು ಸ್ವಲ್ಪ ಸ್ವಲ್ಪವಾಗಿ. ಕಲ್ಲಿನ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಕೊತಕೊತ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ತಣಿದ ನಂತರ ಸುಣ್ಣದ ಮೇಲೆ ನೀರು ನಿಲ್ಲಿಸಿ ಮುಚ್ಚಿಟ್ಟರೆ ದಿನ ಕಳೆದಷ್ಟೂ ಬೆಣ್ಣೆ ಸುಣ್ಣ ಆಗುತ್ತದೆ.

ಬಳಿಯೋಕೆ ಒಬ್ಬ ಹಳೇ ಮೇಸ್ತ್ರಿ ಸಿಕ್ಕರು. ಒಂದು ಪಾಲು ಸುಣ್ಣ, ಮೂರು ಪಾಲು ಜರಡಿ ಹಿಡಿದ ಮರಳು. ಹಿಂದೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ನಾವು ಬರೀ ಸುಣ್ಣ-ಮರಳಿನಲ್ಲೇ ಮಾಡಿದೆವು. "ದಪ್ಪ ಹೊಡೀಬೇಡಿ ಸಾರ್, ಅರ್ಧ ಇಂಚು ಸಾಕು. ಮೊದಲನೇದು ಗಟ್ಟಿಯಾಗ್ಲಿ, ಮುಂದಿನ ವಾರ ಇನ್ನೊಂದು ಕೈ ಹೊಡ್ಯಾಣ" ಅಂದರು. ಅವರು ಕರಣೆ ಹಿಡಿದು ಗಾರೆಯನ್ನು ಗೋಡೆಗೆ ಬೀಸುವ ರೀತಿ ನೋಡಬೇಕು. ಬಳಿಯೋದಲ್ಲ, ಎಸೆಯೋದು. ಎಸೆದ ಗಾರೆ ಕಲ್ಲಿನ ಸಂದುಗಳಲ್ಲಿ ಕಚ್ಚಿಕೊಳ್ಳುತ್ತದೆ. ಮೊದಲು ಗೋಡೆಗೆ ಚೆನ್ನಾಗಿ ನೀರು ಚಿಮುಕಿಸಿರಬೇಕು.

ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಅದೂ ನಿಧಾನಕ್ಕೆ. ಬೇಗ ಒಣಗಿದರೆ ಬಿರುಕು. ಆಷಾಢದಲ್ಲಿ ಜೋಗಿಮಟ್ಟಿ ಕಡೆಯಿಂದ ಬೀಸುವ ಗಾಳಿ ಗೊತ್ತಲ್ಲ, ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಕಿಟಕಿ ಮುಚ್ಚಿ, ಒದ್ದೆ ಗೋಣಿಚೀಲ ಇಳಿಬಿಟ್ಟೆವು. ವಾರದ ದಿನಗಳಲ್ಲಿ ಅವಕ್ಕೆ ನೀರು ಹಾಕಿದ್ದು ಅಮ್ಮ. ಕೊನೆಗೆ ಹಾಲಿನಷ್ಟು ತೆಳುವಾಗಿ ಸುಣ್ಣ ಕಲಸಿ, ಚೂರು ನೀಲಿ ಸೇರಿಸಿ, ಒಂದರ ಮೇಲೊಂದು ಕೈ ಹೊಡೆದೆ. ಆ ಗೋಡೆಗೆ ಪೇಂಟ್ ಇನ್ನು ಬೇಕಿಲ್ಲ.

ಉಳಿದ ಕೆಲಸಗಳು ಇದರ ಮುಂದೆ ಸಣ್ಣವು. ಬೋರ್ ನೀರಿನ ಗಡಸಿಗೆ ಕಟ್ಟಿಕೊಂಡ ನಲ್ಲಿಯ ಜಾಲರಿ ಬಿಚ್ಚಿ ನಿಂಬೆರಸದಲ್ಲಿ ರಾತ್ರಿ ನೆನೆಸಿಟ್ಟರೆ ಸಾಕು. ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುವ ಬಾಗಿಲಿಗೆ ಆಗಲೇ ತೋಪಡ ಹೊಡೆಯಬೇಡಿ. ಬೇಸಿಗೆಯಲ್ಲಿ ಕುಗ್ಗಿದಾಗ ಸಂದಿಯಲ್ಲಿ ಹಲ್ಲಿ ಓಡಾಡುತ್ತದೆ. ಹಳೇ ಬಣ್ಣ ಉಜ್ಜುವುದಿದ್ದರೆ ಉಪ್ಪು ಕಾಗದವನ್ನು ಒದ್ದೆ ಮಾಡಿಯೇ ಉಜ್ಜಿ. ಮನೆ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅನ್ನೋ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೇ ಬಣ್ಣದ ದೂಳು ಎದೆಗೆ ಹೋಗೋದು ಬೇಡ.

ಎರಡು ಕೆಲಸ ನಾನು ಮುಟ್ಟುವುದಿಲ್ಲ. ಒಂದು ಜಂತೆ. ಸ್ಕ್ರೂಡ್ರೈವರ್ ತುದಿ ಮರದೊಳಗೆ ಸಲೀಸಾಗಿ ಇಳಿದರೆ ಗೆದ್ದಲು ಆಗಲೇ ತಿಂದಿದೆ, ಗೊತ್ತಿರುವ ಬಡಗಿಯನ್ನೇ ಕರೆಯಬೇಕು. ಸೋರುತ್ತೆ ಅಂತ ಅಂಥ ಮಾಳಿಗೆ ಮೇಲೆ ಕಾಂಕ್ರೀಟ್ ಹೇರಿದರೆ ಭಾರ ಹೊರುವವರು ಯಾರು? ಇನ್ನೊಂದು ಕರೆಂಟು. ಮರದ ಪಟ್ಟಿ ಮೇಲಿನ ಹಳೇ ವೈರಿನ ರಬ್ಬರು ಮುಟ್ಟಿದರೆ ಉದುರುತ್ತಿತ್ತು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಪೂರ್ತಿ ಬದಲಿಸಿ, ಅರ್ಥಿಂಗ್ ಹೊಸದು ಮಾಡಿಸಿ, ಕರೆಂಟು ಸೋರಿದರೆ ತಕ್ಷಣ ತಾನೇ ಆಫ್ ಆಗುವ 30 ಮಿಲಿಆಂಪಿಯರ್‌ನ ಸ್ವಿಚ್ಚು (ಆರ್‌ಸಿಸಿಬಿ) ಹಾಕಿಸಿದೆ. ದುಡ್ಡು ಜಾಸ್ತಿ ಆಗಿದ್ದು ಇದಕ್ಕೇ.

ಈಗ ಬಾಕಿ ಇರೋದು ಹಿತ್ತಲ ಬಚ್ಚಲಮನೆ. ಎರಡು ದಿನದಲ್ಲಿ ಮುಗಿಯೋದಲ್ಲ, ತುಂಡು ಮಾಡೋಕೂ ಬರೋದಿಲ್ಲ. ದೀಪಾವಳಿ ರಜೆಗೆ ಇನ್ನೊಂದೆರಡು ದಿನ ಸೇರಿಸಿಕೊಂಡು, ಅಮ್ಮನನ್ನು ದಾವಣಗೆರೆಗೆ ಕಳಿಸಿ ಶುರು ಮಾಡಬೇಕು ಅಂತಿದ್ದೇನೆ. ಹಬ್ಬದಲ್ಲಿ ಮನೆ ಬಿಟ್ಟು ಬರಲ್ಲ ಅಂತ ಅವರು ಈಗಲೇ ಹೇಳಿಬಿಟ್ಟಿದ್ದಾರೆ.