ಕಾಲಡಿಯಲ್ಲಿ ಕೂಲಂಟ್: ಹಳೆಯ ಕ್ಯಾಮರೊಗೆ ಹೊಸ ಹೀಟರ್ ಕೋರ್

ಪಕ್ಕದ ಸೀಟಿನ ಕಾಲಡಿಯಲ್ಲಿ ಕಾರ್ಪೆಟ್ ಒದ್ದೆ. ಬಾಗಿಲು ತೆಗೆದರೆ ಪಾಕ ಕಾಸಿದಂಥ ಸಿಹಿ ವಾಸನೆ. ಮಂಜು ತೆಗೆಯುವ ಬಿಸಿಗಾಳಿ, ಅಂದರೆ ಡಿಫ್ರಾಸ್ಟರ್ ಹಾಕಿದರೆ ಮುಂಗಾಜಿನ ಒಳಮೈಗೆ ಜಿಡ್ಡಿನ ಮಂಜು ಕೂರುತ್ತದೆ, ಬಟ್ಟೆಯಿಂದ ಒರೆಸಿದಷ್ಟೂ ಹರಡುತ್ತದೆ. 1967ರಿಂದ 1969ರವರೆಗಿನ ಷೆವರ್ಲೆ ಕ್ಯಾಮರೊದಲ್ಲಿ ಈ ಮೂರೂ ಒಟ್ಟಿಗೆ ಕಂಡವೆಂದರೆ ಹೀಟರ್ ಕೋರ್, ಅಂದರೆ ಕಾರಿನೊಳಗೆ ಬಿಸಿಗಾಳಿ ಕೊಡುವ ಭಾಗ, ತೂತಾಗಿದೆ ಎಂದೇ ಲೆಕ್ಕ. ಕೋರ್ ದುಬಾರಿ ವಸ್ತುವಲ್ಲ. ಅದನ್ನು ತಲುಪುವ ಕೆಲಸವೇ ದೊಡ್ಡದು, ಮೂಗಿಗಿಂತ ಮೂಗುತಿ ಭಾರ. ಮೊದಲ ಸಲ ಕೈಹಾಕುವವರು ಒಂದು ಇಡೀ ದಿನ ಎತ್ತಿಡಬೇಕು.

ಇಲ್ಲಿ ಹೇಳುತ್ತಿರುವುದು ಏಸಿ ಇಲ್ಲದ, 350 ಸ್ಮಾಲ್ ಬ್ಲಾಕ್ (ಷೆವರ್ಲೆಯ ಸಣ್ಣ ಗಾತ್ರದ ವಿ8) ಎಂಜಿನ್‌ನ ಕಾರಿನ ವಿಚಾರ. ಏಸಿ ಇರುವ ಕಾರಿನಲ್ಲಿ ಕೋರ್ ಕೂರುವ ಪೆಟ್ಟಿಗೆಯೂ ಬೇರೆ, ಕೋರೂ ಬೇರೆ. ಅದರಲ್ಲಿ ಇನ್ನೂ ತಂಪು ಮಾಡುವ ಹಳೆಯ ಆರ್-12 ಅನಿಲವೇ ಇದ್ದರೆ, ಅದರ ಪೈಪಿಗೆ ಮನೆಯಲ್ಲಿ ಸ್ಪ್ಯಾನರ್ ಹಾಕಬೇಡಿ. ಅಮೆರಿಕದಲ್ಲಿ ಆ ಅನಿಲವನ್ನು ಗಾಳಿಗೆ ಬಿಡುವುದು ಕಾನೂನುಬಾಹಿರ.

ಹೀಟರ್ ಕೋರ್ ಎಂದರೆ ಡ್ಯಾಶ್‌ಬೋರ್ಡಿನ ಹಿಂದೆ ಕೂತ ಪುಟ್ಟ ರೇಡಿಯೇಟರ್. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ (ಎಂಜಿನ್ ಮೇಲಿನ ಗಾಳಿ-ಇಂಧನದ ಕೊಳವೆಗಳ ಎರಕ) 5/8 ಇಂಚಿನ ಹೋಸ್‌ನಲ್ಲಿ ಬಿಸಿ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಅದಕ್ಕೆ ಬರುತ್ತದೆ, 3/4 ಇಂಚಿನ ಹೋಸ್‌ನಲ್ಲಿ ವಾಟರ್ ಪಂಪಿಗೆ ಮರಳುತ್ತದೆ. ಏಸಿ ಇಲ್ಲದ ಕಾರಿನಲ್ಲಿ ನಡುವೆ ವಾಲ್ವ್ ಇಲ್ಲ. ಡ್ಯಾಶಿನ ಲಿವರ್ ಎಳೆದಾಗ ಸರಿಯುವುದು ಗಾಳಿಯ ದಾರಿ ಬದಲಿಸುವ ತಗಡಿನ ಬಾಗಿಲು ಮಾತ್ರ, ನೀರು ಸದಾ ಹರಿಯುತ್ತಲೇ ಇರುತ್ತದೆ. ಹಾಗಾಗಿ ‘ಬೇಸಿಗೆಯಲ್ಲಿ ಹೀಟರ್ ಹಾಕುವುದಿಲ್ಲವಲ್ಲ’ ಎಂದು ಸುಮ್ಮನಿದ್ದರೂ ಸೋರಿಕೆ ನಿಲ್ಲುವುದಿಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಕಾರ್ಪೆಟ್ಟಿನ ನೀರನ್ನು ಬೆರಳಿಗೆ ತಾಗಿಸಿ ನೋಡಿ. ಜಾರುವಂತಿದ್ದು ಹಸಿರು ಬಣ್ಣವಿದ್ದರೆ ಕೂಲಂಟ್. ಬರೀ ನೀರಾದರೆ ಅದು ಮಳೆಯದ್ದು. ಈ ವಯಸ್ಸಿನ ಕಾರುಗಳಲ್ಲಿ ಮುಂಗಾಜಿನ ಕೆಳಗಿನ ಕೌಲ್ ತಗಡು ತುಕ್ಕು ಹಿಡಿದು ನೀರು ಒಳಗಿಳಿಯುವುದು ಮಾಮೂಲು. ಅದಕ್ಕೆ ಕೋರ್ ಬದಲಿಸಿ ಪ್ರಯೋಜನವಿಲ್ಲ. ಅನುಮಾನವಿದ್ದರೆ ರೇಡಿಯೇಟರ್ ಬಾಯಿಗೆ ಪ್ರೆಷರ್ ಟೆಸ್ಟರ್ ಕೂರಿಸಿ 15 ಪಿಎಸ್‌ಐ ಒತ್ತಡ ಕೊಟ್ಟು ಇಪ್ಪತ್ತು ನಿಮಿಷ ಬಿಡಿ. ಮುಳ್ಳು ಇಳಿಯುತ್ತಾ ಹೋಗಿ ಹೊರಗೆಲ್ಲೂ ಹನಿ ಕಾಣದಿದ್ದರೆ ಕಳ್ಳ ಒಳಗೇ ಇದ್ದಾನೆ.

ಕೋರ್ ಕೈಸೇರುವವರೆಗೆ ಕಾರು ಓಡಿಸಲೇಬೇಕಾದರೆ, ಎರಡೂ ಹೋಸ್‌ಗಳನ್ನು ಕೋರ್‌ನಿಂದ ಬಿಡಿಸಿ ಒಂದಕ್ಕೊಂದು ಜೋಡಿಸಿಬಿಡಬಹುದು. ಒಂದು 5/8, ಇನ್ನೊಂದು 3/4 ಆದ್ದರಿಂದ ನಡುವೆ ಹಿತ್ತಾಳೆಯ ರಿಡ್ಯೂಸರ್ ಬೇಕು. ಸೋರಿಕೆ ಮುಚ್ಚುವ ಪುಡಿ, ದ್ರಾವಣಗಳನ್ನು ಸುರಿಯುವ ಉಪಾಯ ಬೇಡ. ಅವು ತೂತಿಗಿಂತ ಮೊದಲು ಸಣ್ಣ ಕೊಳವೆಗಳನ್ನು ಮುಚ್ಚುತ್ತವೆ, ರೇಡಿಯೇಟರಿನದ್ದನ್ನೂ ಬಿಡುವುದಿಲ್ಲ.

ಏನೇನು ಬೇಕು

ಕೋರ್ ತರಿಸುವಾಗ ವರ್ಷ ಹೇಳಿದರೆ ಸಾಲದು. ಏಸಿ ಇದೆಯೇ ಇಲ್ಲವೇ, ಸ್ಮಾಲ್ ಬ್ಲಾಕೋ ಬಿಗ್ ಬ್ಲಾಕೋ ಎಂಬುದನ್ನೂ ಹೇಳಬೇಕು. 5/8 ಮತ್ತು 3/4 ಇಂಚಿನ ಹೋಸ್ ತಲಾ ಎರಡು ಮೀಟರ್, ನಾಲ್ಕು ಕ್ಲ್ಯಾಂಪ್, ಪೆಟ್ಟಿಗೆಯ ಸೀಲ್ ಕಿಟ್, ನೀರು ಹೀರದ ಫೋಮ್ ಪಟ್ಟಿ, ಫೈರ್‌ವಾಲಿಗೆ (ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡು ಗೋಡೆ) ಮೆತ್ತಲು ಅಂಟು ಹುರಿ. ಕೂಲಂಟನ್ನು ಪೂರ್ತಿ ಬದಲಿಸುವುದಾದರೆ ನೀರು ಬೆರೆಸದ ಹಸಿರು ಬಣ್ಣದ ಆಂಟಿಫ್ರೀಜ್ (ಕೂಲಂಟಿನ ಮೂಲ ದ್ರವ) ಎರಡು ಗ್ಯಾಲನ್, ಅಷ್ಟೇ ಡಿಸ್ಟಿಲ್ಡ್ ವಾಟರ್. ಸಮಸಮ ಬೆರೆಸಿದರೆ ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟುವುದಿಲ್ಲ, ಮಿಷಿಗನ್ ಜನವರಿಗೂ ಸಾಕು. ನಲ್ಲಿ ನೀರು ಬೇಡ, ಅದರ ಖನಿಜಗಳು ಕೋರ್‌ನೊಳಗೆ ಪದರ ಕಟ್ಟುತ್ತವೆ.

ಸಾಕೆಟ್‌ಗಳು 3/8, 7/16, 1/2 ಇಂಚಿನವು. ಮನೆಯಲ್ಲಿ ಹೊಂಡಾ, ಟೊಯೋಟಾ ಬಿಚ್ಚಲು ಇಟ್ಟುಕೊಂಡ ಮಿಲಿಮೀಟರ್ ಸೆಟ್ ಇಲ್ಲಿ ಮೋಸ ಮಾಡುತ್ತದೆ. 1/2 ಇಂಚಿನ ನಟ್ಟಿಗೆ 13 ಮಿ.ಮೀ. ಕೂತಂತೆ ಕಾಣುತ್ತದೆ, ಆದರೆ ತುಕ್ಕು ಹಿಡಿದ ನಟ್ಟಿನ ಮೂಲೆ ಸವೆದ ಮೇಲೆ ಯಾವ ಸಾಕೆಟ್ಟೂ ಹಿಡಿಯುವುದಿಲ್ಲ. ಫೈರ್‌ವಾಲಿನ ನಟ್ಟುಗಳಿಗೆಲ್ಲ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹೊಡೆದಿಡಿ.

ಎಂಜಿನ್ ಕಡೆಯ ಕೆಲಸ

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ರೇಡಿಯೇಟರ್ ಕ್ಯಾಪ್ ತೆಗೆದು, ಕೆಳಗಿನ ಡ್ರೈನ್ ಕಾಕ್ ಅನ್ನು ನಿಧಾನವಾಗಿ ತಿರುಗಿಸಿ ಕೂಲಂಟನ್ನು ಬಕೆಟ್ಟಿಗೆ ಇಳಿಸಿ. ಬಕೆಟ್ಟನ್ನು ತೆರೆದಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕಿದರೆ ಕಿಡ್ನಿ ಕೆಟ್ಟು ಸಾಯುತ್ತವೆ. ಹಳೆಯದನ್ನು ಚರಂಡಿಗೆ ಚೆಲ್ಲದೆ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಕೊಡಿ.

ಹೋಸ್‌ಗಳನ್ನು ತಿರುಚಿ ಎಳೆಯಬೇಡಿ. ಕೋರ್‌ನ ಪೈಪುಗಳು ತೆಳು ತಗಡಿನವು, ಬರೀ ಬೆಸುಗೆಯ ಮೇಲೆ ನಿಂತಿರುತ್ತವೆ. ಬ್ಲೇಡಿನಿಂದ ಹೋಸ್ ಅನ್ನು ಉದ್ದಕ್ಕೆ ಸೀಳಿ ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸಿ. ಹೋಗಲಿರುವ ಕೋರ್‌ಗೆ ಇಷ್ಟು ಮರ್ಯಾದೆ ಯಾಕೆಂದರೆ, ಪೈಪು ಕಿತ್ತರೆ ಒಳಗೆ ಉಳಿದ ಕೂಲಂಟ್ ಅಷ್ಟೂ ಕಾರ್ಪೆಟ್ ಮೇಲೆ ಬೀಳುತ್ತದೆ. ಮೇಲಿನ ಪೈಪಿಗೆ ಬಹಳ ಕಡಿಮೆ ಒತ್ತಡದ ಗಾಳಿ ಬಿಟ್ಟು ಕೆಳಗಿನದರಿಂದ ಉಳಿಕೆಯನ್ನು ಹೊರಹಾಕಿ, ಎರಡಕ್ಕೂ ಬಿರಡೆ ಜಡಿಯಿರಿ. ಬಾಯಿಂದ ಊದಬೇಡಿ.

ಈಗ ಫೈರ್‌ವಾಲಿನ ಮೇಲೆ, ಬ್ಲೋವರ್ (ಹೀಟರಿನ ಫ್ಯಾನ್) ಕವಚದ ಸುತ್ತ ಕಾಣುವ ನಟ್ಟುಗಳು. ಇವು ಕಾರಿನೊಳಗಿನ ಪೆಟ್ಟಿಗೆಯಿಂದ ಹೊರಚಾಚಿದ ತಲೆಯಿಲ್ಲದ ಬೋಲ್ಟ್‌ಗಳಿಗೆ, ಅಂದರೆ ಸ್ಟಡ್‌ಗಳಿಗೆ ಕೂತಿವೆ. ನಟ್ಟು ತಿರುಗದೆ ಸ್ಟಡ್ಡೇ ತಿರುಗತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಜೋರು ಮಾಡಿದರೆ ಒಳಗಿನ ತಗಡು ಹರಿಯುತ್ತದೆ. ಸ್ಟಡ್ಡಿನ ತುದಿಯನ್ನು ಲಾಕಿಂಗ್ ಪ್ಲೈಯರ್‌ನಿಂದ ಹಿಡಿದು ನಟ್ಟು ಬಿಚ್ಚಿ.

ಕಾಣುವ ನಟ್ಟುಗಳೆಲ್ಲ ಬಂದರೂ ಪೆಟ್ಟಿಗೆ ಅಲ್ಲಾಡುವುದಿಲ್ಲ. ಜನ ತಾಳ್ಮೆಗೆಡುವುದು ಇಲ್ಲೇ. ಬಲ ಕೆಳಮೂಲೆಯಲ್ಲಿ ಇನ್ನೊಂದು ಸ್ಟಡ್ ಇದೆ, ಅದರ ನಟ್ಟು ಫೆಂಡರಿನ ಮರೆಯಲ್ಲಿ ಅಡಗಿದೆ. ಅದಕ್ಕೆ ಮೂರು ದಾರಿ. ಷೆವರ್ಲೆಯ ಸರ್ವಿಸ್ ಕೈಪಿಡಿಯ ದಾರಿಯೆಂದರೆ, ಗ್ಲವ್ ಬಾಕ್ಸ್ ತೆಗೆದು ಕಾರಿನ ಒಳಗಿನಿಂದಲೇ 1/4 ಇಂಚಿನ ಡ್ರಿಲ್ ಬಿಟ್ಟಿನಲ್ಲಿ ಸ್ಟಡ್ಡನ್ನು ಕೊರೆದು ತೆಗೆಯುವುದು. ಎರಡನೆಯದು, ಒಳಫೆಂಡರಿನ (ಚಕ್ರದ ಮೇಲಿನ ಒಳತಗಡು) ಬೋಲ್ಟ್‌ಗಳನ್ನು ಸಡಿಲಿಸಿ, ತಗಡನ್ನು ಕೆಳಕ್ಕೆ ಬಾಗಿಸಿ ಕೈ ತೂರಿಸುವುದು. ಮೂರನೆಯದು, ಒಳಫೆಂಡರಿಗೆ ತೂತು ಕೊರೆದು ಸಾಕೆಟ್ ಕಳಿಸುವುದು. ಹಿಂದೆ ಎಷ್ಟೋ ಗ್ಯಾರೇಜುಗಳು ಇದನ್ನೇ ಮಾಡಿವೆ, ಹಾಗಾಗಿ ನಿಮ್ಮ ಕಾರಿನಲ್ಲಿ ರಬ್ಬರ್ ಮುಚ್ಚಳದ ತೂತು ಈಗಾಗಲೇ ಇದೆಯೇ ನೋಡಿ. ಇಲ್ಲದಿದ್ದರೆ ಮೂಲ ತಗಡಿಗೆ ಹೊಸ ತೂತು ಮಾಡಬೇಡಿ. ಸ್ಟಡ್ ಹೊಸದು ಸಿಗುತ್ತದೆ, 1969ರ ಮೂಲ ಫೆಂಡರ್ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಒಂದು ಗಂಟೆ ಹೆಚ್ಚಾದರೂ ಎರಡನೆಯ ದಾರಿಯೇ ಲೇಸು.

ಡ್ಯಾಶ್‌ಬೋರ್ಡಿನ ಕೆಳಗೆ

ಕಾರ್ಪೆಟ್ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಹಳೆಯ ಟವೆಲ್ ಹಾಸಿ. ಗ್ಲವ್ ಬಾಕ್ಸಿನ ಒಳಗೂಡು ರಟ್ಟಿನದು, ಅರ್ಧ ಶತಮಾನ ದಾಟಿದ ರಟ್ಟು ಹಪ್ಪಳದಂತೆ ಮುರಿಯುತ್ತದೆ. ಸ್ಕ್ರೂ ಎಲ್ಲ ತೆಗೆದ ಮೇಲೆ ಮೆಲ್ಲಗೆ ಮಡಚಿ ಎಳೆದುಕೊಳ್ಳಿ. ನಂತರ ಡಿಫ್ರಾಸ್ಟರ್ ಡಕ್ಟ್, ಪೆಟ್ಟಿಗೆ ಹಿಡಿದಿರುವ ಸ್ಕ್ರೂಗಳು, ಕಂಟ್ರೋಲ್ ಕೇಬಲ್‌ಗಳು. ಪ್ರತಿ ಕೇಬಲ್ಲಿಗೂ ಚೀಟಿ ಕಟ್ಟಿ, ಕ್ಲಿಪ್ ಯಾವ ಬದಿಗಿತ್ತು ಎಂದು ಫೋಟೊ ತೆಗೆಯಿರಿ. ಕೇಬಲ್ಲಿನ ತಂತಿ ಒಮ್ಮೆ ಮಡಚಿತೆಂದರೆ ಮತ್ತೆಂದೂ ಲಿವರ್ ಸಲೀಸಾಗಿ ಸರಿಯದು.

ಪೆಟ್ಟಿಗೆಯನ್ನು ಮೊದಲು ಸೀಟಿನ ಕಡೆಗೆ ನೇರ ಎಳೆಯಿರಿ. ಪೈಪು, ಸ್ಟಡ್‌ಗಳು ಫೈರ್‌ವಾಲ್ ಬಿಟ್ಟ ಮೇಲಷ್ಟೇ ಕೆಳಗಿಳಿಸಿ. ಬ್ಲೋವರಿನ ವೇಗ ತಗ್ಗಿಸುವ ರೆಸಿಸ್ಟರಿನ ವೈರುಗಳು ಇನ್ನೂ ಅಂಟಿಕೊಂಡಿರುತ್ತವೆ, ತುಸು ಎಳೆದು ಜಾಗ ಮಾಡಿಕೊಂಡು ಕನೆಕ್ಟರ್ ಬಿಡಿಸಿ. ವೈರಿನ ಮೇಲೆ ಪೆಟ್ಟಿಗೆಯ ಭಾರ ಬಿಡಬೇಡಿ.

ಪೆಟ್ಟಿಗೆಯೊಳಗೆ ಒಣ ಎಲೆ ಇರುವುದು ಖಚಿತ, ಇಲಿ ಗೂಡಿದ್ದರೂ ಆಶ್ಚರ್ಯವಿಲ್ಲ. ಇಲಿ ಹಿಕ್ಕೆಯನ್ನು ಒಣದಾಗಿ ಗುಡಿಸಬಾರದು. ಅಮೆರಿಕದ ಕೆಲವು ಇಲಿಗಳಿಂದ ಹಂಟಾ ವೈರಸ್ ಧೂಳಿನ ಮೂಲಕ ಹರಡುತ್ತದೆ. ಮಾಸ್ಕ್, ಕೈಗವಸು ಹಾಕಿ, ಬ್ಲೀಚ್ ನೀರು ಚಿಮುಕಿಸಿ ನೆನೆಸಿ ಒರೆಸಿ ತೆಗೆಯಿರಿ. ಕೋರ್ ಹಿಡಿದಿರುವ ಪಟ್ಟಿಗಳ ಸ್ಕ್ರೂ ಬಿಚ್ಚಿದರೆ ಹಳೆಯ ಕೋರ್ ಕೈಗೆ ಬರುತ್ತದೆ.

ಹೊಸದನ್ನು ಕೂರಿಸುವ ಮೊದಲು ಹಳೆಯದರ ಪಕ್ಕ ಇಟ್ಟು ನೋಡಿ: ಅಗಲ, ದಪ್ಪ, ಪೈಪುಗಳ ಉದ್ದ, ನಡುವಿನ ಅಂತರ. ಪೈಪು ಅರ್ಧ ಇಂಚು ಅತ್ತಿತ್ತ ಇದ್ದರೂ ಫೈರ್‌ವಾಲಿನ ತೂತಿಗೆ ಕೂರುವುದಿಲ್ಲ, ಬಗ್ಗಿಸಲು ಹೋದರೆ ಬೆಸುಗೆ ಬಿಡುತ್ತದೆ. ಆಮೇಲೆ ಒಂದು ಪೈಪು ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ 15 ಪಿಎಸ್‌ಐ ಕೊಟ್ಟು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಅಂಗಡಿಗೆ ವಾಪಸ್. ಈ ಐದು ನಿಮಿಷ ಉಳಿಸಲು ಹೋಗಿ ಇಡೀ ಕೆಲಸವನ್ನು ಎರಡು ಸಲ ಮಾಡಿದವರು ಬಹಳ ಮಂದಿ.

ಪೆಟ್ಟಿಗೆಯ ತುಕ್ಕು ಉಜ್ಜಿ ಬಣ್ಣ ಬಳಿಯಿರಿ. ಗಾಳಿ ಬಾಗಿಲುಗಳ ಪುಡಿಯಾದ ಫೋಮ್ ಕೆರೆದು ಹೊಸದು ಅಂಟಿಸಿ. ಕೋರ್‌ನ ನಾಲ್ಕೂ ಅಂಚಿಗೆ ಫೋಮ್ ಪಟ್ಟಿ ಬಿಗಿಯಾಗಿ ಕೂರಲಿ. ಸಂದು ಉಳಿದರೆ ಗಾಳಿ ಕೋರ್ ಮುಟ್ಟದೆ ಬದಿಯಿಂದ ಜಾರುತ್ತದೆ. ‘ಹೊಸ ಕೋರ್ ಹಾಕಿದರೂ ಬಿಸಿ ಸಾಲದು’ ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಮರುಜೋಡಣೆ ತಿರುಗುಮುರುಗು ಕ್ರಮದಲ್ಲಿ. ಕೊರೆದು ತೆಗೆದ ಸ್ಟಡ್ ಇದ್ದರೆ ಅದರ ಜಾಗಕ್ಕೆ ಹೊಸದು ಹಾಕಿ. ಖಾಲಿ ಬಿಟ್ಟರೆ ಪೆಟ್ಟಿಗೆಯ ಆ ಮೂಲೆ ಜೋಲುಬಿದ್ದು ಎಂಜಿನ್ ಹೊಗೆ ಒಳಗೆ ಬರುತ್ತದೆ. ಮ್ಯಾನಿಫೋಲ್ಡಿನ 5/8 ಹೋಸ್ ಕೆಳಗಿನ ಪೈಪಿಗೆ, ವಾಟರ್ ಪಂಪಿನ 3/4 ಹೋಸ್ ಮೇಲಿನದಕ್ಕೆ. ತೂರಿಸಲು ಒಂದು ಹನಿ ಕೂಲಂಟ್ ಸವರಿ, ಗ್ರೀಸ್ ಬೇಡ. ಕ್ಲ್ಯಾಂಪನ್ನು ಹೋಸ್ ಹಿಡಿಯುವಷ್ಟೇ ಬಿಗಿಯಿರಿ, ಇನ್ನರ್ಧ ಸುತ್ತು ಬಿಗಿದರೆ ಪೈಪು ಒಳಕ್ಕೆ ನೆಗ್ಗುತ್ತದೆ.

ಹಳೆಯದು ಯಾಕೆ ಸತ್ತಿತು?

ಹಳೆಯ ಕೋರ್ ಹಿತ್ತಾಳೆ ಮತ್ತು ತಾಮ್ರದ್ದು, ಈಗ ಸಿಗುವವುಗಳಲ್ಲಿ ಅಲ್ಯೂಮಿನಿಯಮ್‌ನವೂ ಇವೆ. ಅಲ್ಯೂಮಿನಿಯಮ್ ವಿದ್ಯುತ್ ಕೊರೆತಕ್ಕೆ (ಕೂಲಂಟಿನಲ್ಲಿ ಹರಿಯುವ ಕರೆಂಟ್ ಲೋಹ ತಿನ್ನುವುದು) ಬೇಗ ಬಲಿಯಾಗುತ್ತದೆ. ಎಂಜಿನ್ನಿನಿಂದ ಫೈರ್‌ವಾಲಿಗೆ ಹೋಗುವ ಹೆಣೆದ ಗ್ರೌಂಡ್ ಪಟ್ಟಿ ತುಕ್ಕಾಗಿದ್ದರೆ ಅಥವಾ ಎಂಜಿನ್ ಇಳಿಸಿದಾಗ ಮರೆತುಹೋಗಿದ್ದರೆ, ಕರೆಂಟ್ ಕೂಲಂಟ್ ಮೂಲಕ ದಾರಿ ಹುಡುಕುತ್ತದೆ. ಆಗ ಹೊಸ ಕೋರ್ ಬೇಗನೆ ಸೂಜಿತೂತು ಬೀಳುತ್ತದೆ.

ಪರೀಕ್ಷೆ ಸುಲಭ. ಕೂಲಂಟ್ ತುಂಬಿ ಬ್ಯಾಟರಿ ಜೋಡಿಸಿದ ಮೇಲೆ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಮೊನೆ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಮೊನೆ ರೇಡಿಯೇಟರ್ ಬಾಯಿಯ ಕೂಲಂಟಿನೊಳಗೆ, ಲೋಹಕ್ಕೆ ತಾಗದಂತೆ. 0.1 ವೋಲ್ಟ್‌ಗಿಂತ ಕಡಿಮೆಯಿದ್ದರೆ ನಿಶ್ಚಿಂತೆ. 0.3 ದಾಟಿದರೆ ಹಿತ್ತಾಳೆಗೂ ಕೇಡು. ಸಹಾಯಕ್ಕೊಬ್ಬರು ಸ್ಟಾರ್ಟರ್ ತಿರುಗಿಸಲಿ, ಆಮೇಲೆ ಹೆಡ್‌ಲೈಟ್, ಬ್ಲೋವರ್ ಒಂದೊಂದಾಗಿ ಹಾಕಲಿ. ಯಾವುದು ಹಾಕಿದಾಗ ಅಂಕಿ ನೆಗೆಯಿತೋ ಅದರ ಗ್ರೌಂಡ್ ಕೆಟ್ಟಿದೆ. ಎಲ್ಲವೂ ಆಫ್ ಇದ್ದಾಗಲೇ ಅಂಕಿ ಹೆಚ್ಚಿದ್ದರೆ ಕೂಲಂಟೇ ಹುಳಿಯಾಗಿದೆ, ಪೂರ್ತಿ ತೊಳೆದು ಹೊಸದು ತುಂಬಿ. ಸಾಂಪ್ರದಾಯಿಕ ಹಸಿರು ಕೂಲಂಟನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಕಾರು ಓಡದೆ ನಿಂತಿದ್ದರೂ ಕೂಡ.

ತುಂಬುವಾಗ ಕಾರಿನ ಮೂತಿ ತುಸು ಮೇಲಿರಲಿ. ಕ್ಯಾಪ್ ತೆಗೆದಿಟ್ಟೇ ಎಂಜಿನ್ ಓಡಿಸಿ. ಎಂಜಿನ್ ಬಿಸಿಯಾಗಿ ಥರ್ಮೋಸ್ಟಾಟ್ ವಾಲ್ವ್ ತೆರೆದಾಗ ಮಟ್ಟ ದಿಢೀರ್ ಇಳಿಯುತ್ತದೆ, ಆಗ ಮತ್ತೆ ತುಂಬಿ. ಅಂಚಿನವರೆಗೆ ತುಂಬದೆ ಹಿಗ್ಗಲು ಜಾಗ ಬಿಡಿ. ಎರಡೂ ಹೋಸ್ ಬಿಸಿಯಾಗಬೇಕು. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿದೆ.

ಇನ್ನೊಮ್ಮೆ 15 ಪಿಎಸ್‌ಐ ಪರೀಕ್ಷೆ ಮಾಡಿ, ಪೆಟ್ಟಿಗೆಯ ಕೆಳಗೆ ಬಿಳಿ ಟಿಶ್ಯೂ ಹಾಸಿಡಿ. ಕಾರ್ಪೆಟ್ ಕೆಳಗಿನ ಸೆಣಬಿನ ಹಾಸು ಲೀಟರ್‌ಗಟ್ಟಲೆ ಕೂಲಂಟ್ ಕುಡಿದಿರುತ್ತದೆ. ಅದನ್ನು ಹೊರತೆಗೆದು ತೊಳೆದು ಬಿಸಿಲಿಗೆ ಹಾಕದಿದ್ದರೆ ವಾಸನೆ ಹೋಗದು, ಕೆಳಗಿನ ತಗಡೂ ಉಳಿಯದು. ಎರಡು ಮೂರು ದಿನ ಓಡಿಸಿಯೂ ಟಿಶ್ಯೂ ಒಣಗಿಯೇ ಇದ್ದರೆ ಹಾಸು, ಕಾರ್ಪೆಟ್ ಹಾಕಿ, ಗ್ಲವ್ ಬಾಕ್ಸನ್ನು ಕೊನೆಗೆ ಕೂರಿಸಿ.