ಟವರ್ ಇದೆ, ನೆಟ್ ಇಲ್ಲ: ಜರ್ಮನಿಗೆ ಬಂದಿಳಿದವರ ಇ-ಸಿಮ್ ಪರದಾಟ

ಅಪ್ಪ ಮೊದಲ ಸಲ ಫ್ರಾಂಕ್‌ಫರ್ಟ್‌ಗೆ ಬಂದಾಗ ನಾನು ಏರ್‌ಪೋರ್ಟಿನಲ್ಲಿ ಮುಕ್ಕಾಲು ಗಂಟೆ ಕಾದಿದ್ದೆ. ವಾಟ್ಸಾಪ್‌ನಲ್ಲಿ ಒಂದೇ ಟಿಕ್. ಬೆಂಗಳೂರಿನಲ್ಲೇ ನನ್ನ ತಮ್ಮ ಅಪ್ಪನ ಫೋನಿಗೆ ಇ-ಸಿಮ್ ಹಾಕಿಕೊಟ್ಟಿದ್ದ. ಪ್ಲಾಸ್ಟಿಕ್ ಕಾರ್ಡ್ ಇಲ್ಲದೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್ ಅದು. ಕೊನೆಗೆ ಅಪ್ಪ ಟ್ರಾಲಿ ತಳ್ಳಿಕೊಂಡು ಬಂದರು. ಫೋನ್ ಇಸ್ಕೊಂಡು ನೋಡಿದೆ. ಎಲ್ಲ ಸರಿಯಾಗಿದೆ, ಡೇಟಾ ರೋಮಿಂಗ್ ಮಾತ್ರ ಆಫ್.

"ಅದನ್ನ ನಾನೇ ಆಫ್ ಮಾಡ್ದೆ ಕಣೋ. ರೋಮಿಂಗ್ ಅಂದ್ರೆ ಸಾವಿರಗಟ್ಟಲೆ ಬಿಲ್ ಬರತ್ತೆ" ಅಂದರು.

ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಹೊಸದಾಗಿ ಬಂದವರು ಏರ್‌ಪೋರ್ಟ್ ವೈಫೈನಿಂದ ನನಗೆ ಮಾಡುವ ಕರೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಕಾಯಿಲೆ. ತಪ್ಪು ಅವರದಲ್ಲ. ಊರಲ್ಲಿ ನಮಗೆಲ್ಲ ಕಲಿಸಿರುವುದೇ ರೋಮಿಂಗ್ ಮುಟ್ಟಬೇಡ ಅಂತ. ಆದರೆ ಟ್ರಾವೆಲ್ ಇ-ಸಿಮ್ ಮಾರುವ ಕಂಪನಿಗೆ ಇಲ್ಲಿ ಸ್ವಂತ ಟವರ್ ಇರುವುದಿಲ್ಲ. ಅದು ಸಾಮಾನ್ಯವಾಗಿ ಬೇರೆ ಯಾವುದೋ ದೇಶದ ಸಿಮ್. ಇಲ್ಲಿಗೆ ಬಂದು ಇಲ್ಲಿನ ಮೊಬೈಲ್ ಕಂಪನಿಗಳಾದ ಟೆಲಿಕಾಮ್, ವೊಡಾಫೋನ್ ಅಥವಾ ಓ2 ಮನೆಯಲ್ಲಿ ಅತಿಥಿಯಾಗಿ ಇಳಿದುಕೊಳ್ಳುತ್ತದೆ. ಅಂದರೆ ಫೋನಿನ ಲೆಕ್ಕದಲ್ಲಿ ಅದು ಯಾವಾಗಲೂ ರೋಮಿಂಗೇ. ದುಡ್ಡು ಮೊದಲೇ ಕಟ್ಟಿದ್ದೀರಿ, ಡೇಟಾ ಮುಗಿದರೆ ನಿಲ್ಲುತ್ತದೆ ಅಷ್ಟೆ.

ಹೆದರಬೇಕಾದದ್ದು ನಿಮ್ಮ ಇಂಡಿಯಾ ಸಿಮ್‌ಗೆ. ಎರಡು ಸಿಮ್‌ಗೂ ಬೇರೆ ಬೇರೆ ರೋಮಿಂಗ್ ಸ್ವಿಚ್ ಇದೆ. ಇ-ಸಿಮ್‌ನದು ಆನ್, ಇಂಡಿಯಾದ್ದು ಆಫ್. ಮೊಬೈಲ್ ಡೇಟಾ ಯಾವ ಸಿಮ್‌ನಿಂದ ಅಂತ ಕೇಳುವ ಕಡೆ ಇ-ಸಿಮ್ ಆರಿಸಿ. ಐಫೋನ್‌ನಲ್ಲಿ ಅದೇ ಪುಟದ ಕೆಳಗೆ, ಒಂದು ಸಿಮ್‌ನಲ್ಲಿ ಡೇಟಾ ಸಿಗದಿದ್ದರೆ ಇನ್ನೊಂದಕ್ಕೆ ತಾನೇ ಜಿಗಿಯುವ ಸ್ವಿಚ್ ಒಂದಿದೆ. ಅದನ್ನೂ ಆಫ್ ಮಾಡಿ. ಹೊರಡುವ ಮುಂಚೆಯೇ ಎರಡಕ್ಕೂ 'ಇಂಡಿಯಾ', 'ಟ್ರಾವೆಲ್' ಅಂತ ಹೆಸರು ಕೊಟ್ಟುಬಿಡಿ. ಹದಿನಾರು ಗಂಟೆ ನಿದ್ದೆಗೆಟ್ಟ ಕಣ್ಣಿಗೆ 'ಪ್ರೈಮರಿ', 'ಸೆಕೆಂಡರಿ' ಅರ್ಥವಾಗುವುದಿಲ್ಲ.

ಇಷ್ಟಕ್ಕೂ ಬಗೆಹರಿಯದಿದ್ದರೆ ಫೋನ್ ಪರದೆಯ ಮೇಲೆ ಟವರ್ ಕಡ್ಡಿ ಇದೆಯೋ ಇಲ್ಲವೋ ನೋಡಿ. ಟವರ್ ಇದ್ದು ನೆಟ್ ಬರದಿರುವುದು ಒಂದು, ಟವರೇ ಇಲ್ಲದಿರುವುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ. ಇದನ್ನು ನೋಡದೆ ಸಿಕ್ಕಿದ್ದನ್ನೆಲ್ಲ ಒತ್ತುವುದರಿಂದಲೇ ಗೊಂದಲ ಆಗುವುದು.

ಟವರ್ ಇದೆ, ನೆಟ್ ಇಲ್ಲ ಅಂದರೆ ರೋಮಿಂಗ್ ಆದ ಮೇಲೆ ನನ್ನ ಅನುಮಾನ ಎಪಿಎನ್ ಮೇಲೆ. ಇಂಟರ್‌ನೆಟ್‌ಗೆ ಯಾವ ಬಾಗಿಲಿಂದ ಹೋಗಬೇಕು ಅಂತ ಫೋನಿಗೆ ಹೇಳುವ ಸಣ್ಣ ಹೆಸರು ಅದು. ಸಾಮಾನ್ಯವಾಗಿ ತಾನೇ ತುಂಬಿಕೊಳ್ಳುತ್ತದೆ, ಆಂಡ್ರಾಯ್ಡ್‌ನಲ್ಲಿ ಒಮ್ಮೊಮ್ಮೆ ಕೈಕೊಡುತ್ತದೆ. ಇ-ಸಿಮ್ ಕೊಂಡಾಗ ಬಂದ ಮೇಲ್‌ನಲ್ಲಿ ಆ ಹೆಸರಿರುತ್ತದೆ. ನೋಡಿಕೊಂಡು ಹಾಗೇ ಟೈಪ್ ಮಾಡಿ. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟಿಲ್ಲದಿದ್ದರೆ ಖಾಲಿ ಬಿಡಿ. ಒಬ್ಬ ಹುಡುಗನ ಫೋನ್‌ನಲ್ಲಿ ಹೆಸರಿನ ಕೊನೆಗೆ ಒಂದು ಸ್ಪೇಸ್ ಸೇರಿಕೊಂಡಿತ್ತು. ಕಣ್ಣಿಗೆ ಕಾಣದ ಅದನ್ನು ಹುಡುಕೋಕೆ ಒಂದು ಕಾಫಿ ಮುಗಿಯಿತು! ಆಫೀಸಿನ ವಿಪಿಎನ್ ಆನ್ ಇದ್ದರೂ ನೆಟ್ ಸತ್ತ ಹಾಗೇ ಕಾಣುತ್ತದೆ, ಅದನ್ನೂ ಆಫ್ ಮಾಡಿ ನೋಡಿ.

ಟವರೇ ಇಲ್ಲ ಅಂದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ ಇ-ಸಿಮ್ ಆನ್ ಇದೆಯಾ ನೋಡಿ. ಫ್ಲೈಟ್ ಮೋಡ್ ಅರ್ಧ ನಿಮಿಷ ಹಾಕಿ ತೆಗೆಯಿರಿ. ಆಗಲೂ ಬರದಿದ್ದರೆ ನೆಟ್‌ವರ್ಕ್ ಆಯ್ಕೆಯಲ್ಲಿ 'ಆಟೋಮ್ಯಾಟಿಕ್' ತೆಗೆದು, ಒಂದೆರಡು ನಿಮಿಷ ಕಾದು, ಬರುವ ಪಟ್ಟಿಯಿಂದ ಒಂದೊಂದನ್ನೇ ಒತ್ತಿ. ಕೆಲವು ಪ್ಲಾನ್‌ಗಳು ಇಲ್ಲಿನ ಒಂದೇ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿರುತ್ತವೆ. ಮಿಕ್ಕವು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಈ ಉಪಾಯ ನಾನು ಕಲಿತದ್ದು ಕೊನ್‌ಸ್ಟಾನ್ಸ್‌ನಲ್ಲಿ. ಕೆರೆ ದಂಡೆಯ ಊರು, ನಾಲ್ಕು ಹೆಜ್ಜೆ ಆಚೆ ಸ್ವಿಟ್ಜರ್‌ಲೆಂಡ್. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಇಬ್ಬರ ಫೋನಲ್ಲೂ ನೆಟ್ ಮಾಯ. ನೋಡಿದರೆ ಅವು ಗಡಿಯಾಚೆಯ ಸ್ವಿಸ್ ಟವರ್ ಹಿಡಿದು ಕೂತಿವೆ. ಕೊಂಡಿದ್ದ 'ಯುರೋಪ್' ಪ್ಲಾನ್‌ನಲ್ಲಿ ಸ್ವಿಟ್ಜರ್‌ಲೆಂಡ್ ಇರಲೇ ಇಲ್ಲ. ಅದು ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಬ್ರಿಟನ್ನೂ ಇಲ್ಲ, ಟರ್ಕಿಯೂ ಇಲ್ಲ. ಕೈಯಿಂದ ಜರ್ಮನ್ ನೆಟ್‌ವರ್ಕ್ ಆರಿಸಿದೆ, ಬಂತು. ಪ್ಲಾನ್ ಕೊಳ್ಳುವಾಗ 'ಯುರೋಪ್' ಅನ್ನುವ ಹೆಸರು ನಂಬಬೇಡಿ, ದೇಶಗಳ ಪಟ್ಟಿ ಓದಿ.

ಇನ್ನೊಂದು ಕಾರಣ ಲಾಕ್ ಆದ ಫೋನ್. ಅಮೆರಿಕದಿಂದ ಯಾರೋ ತಂದುಕೊಟ್ಟ ಫೋನ್ ಒಂದೇ ಕಂಪನಿಗೆ ಕಟ್ಟಿಹಾಕಿದ್ದಿರಬಹುದು. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋದರೆ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಇರಬೇಕು. ಫೋನ್ ಇ-ಸಿಮ್ ತಗೊಳ್ಳುತ್ತದೋ ಇಲ್ಲವೋ ತಿಳಿಯಲು ಊರಲ್ಲೇ *#06# ಒತ್ತಿ. ಇಐಡಿ ಅಂತ 32 ಅಂಕಿಗಳ ಸಂಖ್ಯೆ ಕಂಡರೆ ಸರಿ.

ಏನೇ ಆಗಲಿ, ಸಿಟ್ಟಿಗೆ ಇ-ಸಿಮ್ ಡಿಲೀಟ್ ಮಾಡಬೇಡಿ. ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಸಲಕ್ಕೆ. ಓದಲು ಬಂದ ಒಬ್ಬ ಹುಡುಗ ಲಗೇಜ್ ಬೆಲ್ಟ್ ಮುಂದೆ ನಿಂತು 'ತೆಗೆದು ಮತ್ತೆ ಹಾಕ್ತೀನಿ' ಅಂತ ಡಿಲೀಟ್ ಮಾಡಿದ. ಮತ್ತೆ ಹಾಕೋಕೆ ಹೋದರೆ ಕೋಡ್ ಬಳಕೆಯಾಗಿದೆ ಅಂತ ಬಂತು. ಕಂಪನಿಯವರು ಹೊಸ ಕೋಡ್ ಕಳಿಸಿದ್ದು ಮಾರನೇ ದಿನ. ಅಷ್ಟರಲ್ಲಿ ಅವನು ಇನ್ನೊಂದು ಕೊಂಡಿದ್ದ. ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡುವಾಗಲೂ ಹುಷಾರು. ಕೆಲವು ಆಂಡ್ರಾಯ್ಡ್ ಫೋನ್‌ಗಳು ಅದರ ಜೊತೆಗೇ 'ಇ-ಸಿಮ್ ಅಳಿಸಲೇ' ಅಂತ ಕೇಳುತ್ತವೆ. ಬೇಡ ಅನ್ನಿ.

ಇನ್‌ಸ್ಟಾಲ್ ಮಾಡುವುದನ್ನು ಮನೆಯ ವೈಫೈನಲ್ಲೇ ಮುಗಿಸಿ. ದಿನದ ಲೆಕ್ಕ ಇನ್‌ಸ್ಟಾಲ್ ಆದಾಗಲಿಂದಲೋ, ಇಲ್ಲಿನ ಟವರ್ ಹಿಡಿದಾಗಲಿಂದಲೋ ಅಂತ ಮಾತ್ರ ಓದಿಕೊಳ್ಳಿ. ಕೋಡ್‌ನ ಒಂದು ಪ್ರಿಂಟ್ ಕೈಯಲ್ಲಿರಲಿ. ಒಂದೇ ಫೋನ್ ಇರುವವರು ಅದೇ ಫೋನಿನ ಪರದೆಯನ್ನು ಹೇಗೆ ಸ್ಕ್ಯಾನ್ ಮಾಡ್ತೀರಿ, ಅಲ್ವಾ?

ಊರಿಂದ ಊರಿಗೆ ರೈಲಲ್ಲಿ ಹೋಗುವಾಗ ನೆಟ್ ಹೋದರೆ ಸುಮ್ನೆ ಕೂತಿರಿ, ಏನನ್ನೂ ಮುಟ್ಟಬೇಡಿ. ಜರ್ಮನ್ನರು ಅದಕ್ಕೆ 'ಫುಂಕ್‌ಲೋಖ್' ಅಂತ ಹೆಸರೇ ಇಟ್ಟಿದ್ದಾರೆ, ಸಿಗ್ನಲ್‌ನ ಗುಂಡಿ. ಅದು ಎಲ್ಲರ ಫೋನಿಗೂ ಬೀಳುವ ಗುಂಡಿ.

ಗೂಗಲ್ ಇದ್ದಕ್ಕಿದ್ದಂತೆ ಪೋಲಿಷ್‌ನಲ್ಲೋ ಫ್ರೆಂಚ್‌ನಲ್ಲೋ ಮಾತಾಡಿದರೂ ಗಾಬರಿ ಬೇಡ. ನಿಮ್ಮ ಡೇಟಾ ಆ ಸಿಮ್‌ನ ತವರಿನ ಮೂಲಕ ಸುತ್ತಿ ಬರುತ್ತಿದೆ, ಅಷ್ಟೆ. ಆದರೆ ಬ್ಯಾಂಕ್ ಆಪ್‌ಗಳು ಇದರಿಂದ ಮುನಿಸಿಕೊಳ್ಳುವುದುಂಟು. ಆಗ ಮನೆಯ ವೈಫೈನಿಂದ ಪ್ರಯತ್ನಿಸಿ. ಓಟಿಪಿಗೆ ಇಂಡಿಯಾ ಸಿಮ್ ಫೋನಿನಲ್ಲೇ ಆನ್ ಇರಲಿ, ಡೇಟಾ ಮಾತ್ರ ಆಫ್. ಇಲ್ಲಿ ಮೆಸೇಜ್ ಬರಬೇಕಾದರೆ ಹೊರಡುವ ಮುಂಚೆ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಆಕ್ಟಿವೇಟ್ ಮಾಡಿಸಿರಬೇಕು. ಇಲ್ಲಿಂದ ಮಾಡಿಸುವುದು ತಲೆನೋವು.

ಟ್ರಾವೆಲ್ ಇ-ಸಿಮ್‌ಗೆ ಬಹುತೇಕ ಫೋನ್ ನಂಬರೇ ಇರುವುದಿಲ್ಲ. ಮನೆ ಓನರ್‌ಗೆ, ಡಾಕ್ಟರ್‌ಗೆ ಕೊಡಲು ಇಲ್ಲಿನ ನಂಬರ್ ಬೇಕೇ ಬೇಕು. 2017ರಿಂದ ಇಲ್ಲಿ ಪ್ರೀಪೇಯ್ಡ್ ಸಿಮ್‌ಗೂ ಗುರುತಿನ ದಾಖಲೆ ತೋರಿಸಲೇಬೇಕು. ಆಲ್ಡಿ ಸೂಪರ್ ಮಾರ್ಕೆಟ್ಟಿನಲ್ಲಿ ಸಿಮ್ ಪ್ಯಾಕೆಟ್ ಕೊಂಡು ತಂದ ತಕ್ಷಣ ಓಡುವುದಿಲ್ಲ. ಪಾಸ್‌ಪೋರ್ಟ್ ಹಿಡಿದು ವಿಡಿಯೊ ಕಾಲ್‌ನಲ್ಲಿ ಗುರುತು ಖಚಿತಪಡಿಸಬೇಕು, ಇಲ್ಲವೇ ಅಂಚೆ ಕಚೇರಿಗೆ ಹೋಗಬೇಕು. ಆ ವಿಡಿಯೊ ಕಾಲ್‌ಗೂ ನೆಟ್ ಬೇಕಲ್ಲ! ಅದಕ್ಕೇ ನಾನು ಹೇಳುವುದು, ಎರಡು ವಾರಕ್ಕೆ ಸಾಕಾಗುವಷ್ಟು ಇ-ಸಿಮ್ ತನ್ನಿ, ಜಾಸ್ತಿ ಬೇಡ.