ಪರೇಡ್ ಕಾಲು, ರೇಸ್ ಕಾಲು

ಸೈನ್ಯದಿಂದ ನಡಿಗೆ ಸ್ಪರ್ಧೆಗೆ ಬರುವವರಿಗೆ ದಮ್ಮು ಸಾಕಷ್ಟಿರುತ್ತದೆ. ಕಾಡುವುದು ಪರೇಡ್ ಮೈದಾನದಲ್ಲಿ ಮೈಗಂಟಿದ ನಡಿಗೆ. ‘ತೇಜ್ ಚಲ್’ ಅಂದರೆ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು, ತೋಳು ನೆಟ್ಟಗೆ, ಹಿಮ್ಮಡಿ ಕುಟ್ಟಬೇಕು. ರೇಸಿನಲ್ಲಿ ನಿಮಿಷಕ್ಕೆ 200 ಹೆಜ್ಜೆ ದಾಟಬೇಕು, ಮೊಣಕೈ ಸುಮಾರು 90 ಡಿಗ್ರಿ ಮಡಚಿರಬೇಕು, ಹಿಮ್ಮಡಿ ಸದ್ದಿಲ್ಲದೆ ತಾಗಬೇಕು. ನಾನು ತಿದ್ದಲು ಹೊರಟಿದ್ದು ಕಾಲನ್ನಲ್ಲ, ತೋಳನ್ನು. ಮುಷ್ಟಿ ಸೊಂಟದ ಪಕ್ಕದಿಂದ ಎದೆಯ ನಡುಮಟ್ಟದವರೆಗೆ ಚುರುಕಾಗಿ ಹೋಗಿಬಂದರೆ ಕಾಲು ತಾನಾಗಿ ಅದೇ ಲಯ ಹಿಡಿಯುತ್ತದೆ.

ವೇಗ ಬೇಕೆಂದು ಹೆಜ್ಜೆ ಉದ್ದ ಮಾಡುವುದು ಬಹುತೇಕರ ತಪ್ಪು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹತ್ತನೆಯವರಾದ ಕೆ.ಟಿ. ಇರ್ಫಾನ್ 20 ಕಿ.ಮೀ.ಗೆ ತೆಗೆದುಕೊಂಡಿದ್ದು 1 ಗಂಟೆ 20 ನಿಮಿಷ 21 ಸೆಕೆಂಡ್, ಅಂದರೆ ಕಿ.ಮೀ.ಗೆ ನಾಲ್ಕು ನಿಮಿಷದ ಮೇಲೆ ಒಂದು ಸೆಕೆಂಡ್. ನಿಮಿಷಕ್ಕೆ 205 ಹೆಜ್ಜೆ ಹಿಡಿದು ಲೆಕ್ಕ ಹಾಕಿದರೂ ಹೆಜ್ಜೆ ಬರೀ 1.2 ಮೀಟರ್. ಕಾಲನ್ನು ಅದಕ್ಕಿಂತ ಮುಂದೆ ಚಾಚಿದರೆ ಅದು ಬ್ರೇಕ್ ಆಗುತ್ತದೆ, ಮೊಣಕಾಲಿನ ಕೆಳಗೆ ಮುಂಭಾಗದ ಸ್ನಾಯು ಉರಿಯತೊಡಗುತ್ತದೆ. ಉದ್ದ ಸಿಗಬೇಕಾದದ್ದು ಹಿಂದೆ, ಸೊಂಟ ತಿರುಗಿ ಹಿಂಗಾಲು ಬೆರಳ ತುದಿಯಿಂದ ನೆಲ ನೂಕುವಾಗ. ನೆಲದ ಮೇಲೆ ಒಂದು ಗೆರೆ ಎಳೆದು, ಎರಡೂ ಪಾದ ಅದರ ಮೇಲೇ ಬೀಳುವಂತೆ ನಡೆದರೆ ಸೊಂಟ ತಿರುಗಲು ಕಲಿಯುತ್ತದೆ.

ನಿಯಮ ಎರಡೇ. ಬರಿಗಣ್ಣಿಗೆ ಕಾಣುವಂತೆ ಎರಡೂ ಕಾಲು ನೆಲ ಬಿಡಬಾರದು. ಮುಂದಿಟ್ಟ ಕಾಲು ನೆಲ ತಾಗಿದ ಕ್ಷಣದಿಂದ ದೇಹದ ನೇರ ಕೆಳಗೆ ಬರುವವರೆಗೆ ಮೊಣಕಾಲು ಬಾಗಬಾರದು. ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ ಹಾಕಿ, ಪಕ್ಕದಿಂದ, ಮೊಣಕಾಲಿನ ಎತ್ತರದಲ್ಲಿ ಚಿತ್ರೀಕರಿಸಿ. ಒಂದು ಫ್ರೇಮ್ ಅಂದರೆ ನಾಲ್ಕು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಎರಡೂ ಪಾದ ಗಾಳಿಯಲ್ಲಿರುವ ಫ್ರೇಮ್ ಏಳೆಂಟರೊಳಗಿದ್ದರೆ ನನಗೆ ಚಿಂತೆಯಿಲ್ಲ. ಹತ್ತು ದಾಟಿತೆಂದರೆ ತೀರ್ಪುಗಾರರ ಕಣ್ಣಿಗೆ ಬೀಳುವುದು ಖಚಿತ ಎಂದೇ ಇಟ್ಟುಕೊಳ್ಳುತ್ತೇನೆ. ವಿಡಿಯೊ ತೆಗೆಯಬೇಕಾದದ್ದು ದಣಿದ ಮೇಲೆ, 12-13ನೇ ಕಿ.ಮೀ.ನಲ್ಲಿ. ಮೊದಲ ಕಿ.ಮೀ.ನಲ್ಲಿ ಎಲ್ಲರ ಕಾಲೂ ಚೆಂದವೇ.

ಬೆಂಗಳೂರಿನಲ್ಲಿ ಜಾಗಕ್ಕೆ ತೊಂದರೆಯಿಲ್ಲ, ಆರಿಸಿಕೊಳ್ಳಬೇಕು ಅಷ್ಟೆ. ವಾಹನ ಬಿಡದ ಭಾನುವಾರದ ಬೆಳಗ್ಗೆ ಕಬ್ಬನ್ ಪಾರ್ಕ್ ಉದ್ದದ ನಡಿಗೆಗೆ ಒಳ್ಳೆಯದು. ಜ್ಞಾನಭಾರತಿಯ ರಸ್ತೆಗಳಲ್ಲಿ ಏರಿಳಿತವಿದೆ; ಏರಿನಲ್ಲಿ ಮೊಣಕಾಲು ಬಾಗುತ್ತದೆ, ಇಳಿಜಾರಿನಲ್ಲಿ ಕಾಲು ನೆಲ ತಪ್ಪುತ್ತದೆ. ಹಾಗಾಗಿ ಅಲ್ಲಿ ನಿಧಾನದ ಅಭ್ಯಾಸ ಮಾತ್ರ. ವೇಗದ ಅಭ್ಯಾಸಕ್ಕೆ ಟ್ರ್ಯಾಕ್ ಅಥವಾ ಕಂಟೋನ್ಮೆಂಟ್ ಒಳಗಿನ ಸಮತಟ್ಟಾದ ರಸ್ತೆ: 1 ಕಿ.ಮೀ.ನಂತೆ ಎಂಟರಿಂದ ಹತ್ತು ಸಲ, ನಡುವೆ ಒಂದೂವರೆ ನಿಮಿಷ ಬಿಡುವು. ಇಲ್ಲಿನ ತಂಪು ಮಾತ್ರ ಮೋಸ ಮಾಡುತ್ತದೆ. ಚೆನ್ನೈಯಂಥ ಊರಲ್ಲಿ ರೇಸ್ ಇದ್ದರೆ ಹತ್ತು ದಿನ ಮೊದಲೇ ಬಿಸಿಲೇರಿದ ಮೇಲೆ ನಡೆಯಲು ಶುರುಮಾಡಬೇಕು.

ಡ್ಯೂಟಿಯ ಜೊತೆ ಹೊಂದಿಸುವಾಗ ಎರಡು ವಿಷಯ ನೋಡಿಕೊಳ್ಳುತ್ತೇನೆ. ಸೈನಿಕರ ದೈಹಿಕ ಕ್ಷಮತೆ ಅಳೆಯುವ ಪರೀಕ್ಷೆಯಾದ ಬಿಪಿಇಟಿಯ 5 ಕಿ.ಮೀ. ಓಟದ ದಿನ ರೇಸ್ ನಡಿಗೆ ಮುಟ್ಟುವುದೇ ಇಲ್ಲ. ಓಡಿದ ಕಾಲು ಬಾಗಿದ ಮೊಣಕಾಲನ್ನೇ ನೆನಪಿಟ್ಟಿರುತ್ತದೆ. ರೂಟ್ ಮಾರ್ಚ್ ಆದ ಮರುದಿನವೂ ಹಾಗೇ. ಬೂಟಿನಲ್ಲಿ ಬಿಗಿದ ಮೀನಖಂಡ, ತೊಡೆಯ ಹಿಂಭಾಗ ಸಡಿಲವಾಗದೆ ಮೊಣಕಾಲು ನೆಟ್ಟಗಾಗದು. ಶೂ ವಿಷಯ ಸುಲಭ: ಹಿಮ್ಮಡಿ ತಗ್ಗಿರಬೇಕು, ಅಟ್ಟೆ ಬೆರಳ ಹತ್ತಿರ ಬಾಗಬೇಕು. ದಪ್ಪ ಕುಶನ್ನಿನ ಓಟದ ಶೂ ಹಾಕಿದರೆ ಕಾಲು ಪುಟಿಯುತ್ತದೆ.

ರೇಸಿನಲ್ಲಿ ಹಳದಿ ಫಲಕ ತೋರಿದರೆ ಗಾಬರಿ ಬೇಡ, ಅದು ಎಚ್ಚರಿಕೆ. ಅಲೆಯ ಗುರುತಿದ್ದರೆ ನೆಲ ತಪ್ಪುತ್ತಿದೆ ಎಂದರ್ಥ. ಮುಷ್ಟಿ ಕೆಳಗಿಳಿಸಿ, ಹೆಜ್ಜೆ ಚಿಕ್ಕದು ಮಾಡಿ. ಕೋನದ ಗುರುತಿದ್ದರೆ ಮೊಣಕಾಲು, ಕಿ.ಮೀ.ಗೆ ನಾಲ್ಕೈದು ಸೆಕೆಂಡ್ ಬಿಟ್ಟುಕೊಡದೆ ಬೇರೆ ದಾರಿಯಿಲ್ಲ. ಕೆಂಪು ಕಾರ್ಡ್ ಬೇರೆಬೇರೆ ತೀರ್ಪುಗಾರರಿಂದ ಮೂರು ಬಂದರೆ ಆಟ ಮುಗಿಯಿತು. ದಂಡದ ಆವರಣ ಇರುವ 20 ಕಿ.ಮೀ. ರೇಸಾದರೆ ಮೂರನೆಯದಕ್ಕೆ ಅಲ್ಲಿ ಎರಡು ನಿಮಿಷ ನಿಲ್ಲಬೇಕು, ನಾಲ್ಕನೆಯದಕ್ಕೆ ಹೊರಗೆ. ಕೊನೆಯ 100 ಮೀಟರ್‌ನಲ್ಲಿ ಮುಖ್ಯ ತೀರ್ಪುಗಾರರು ಹಿಂದಿನ ಕಾರ್ಡ್ ಲೆಕ್ಕವಿಲ್ಲದೆ ನೇರವಾಗಿ ಹೊರಹಾಕಬಹುದು. ಆದ್ದರಿಂದ ಯಾರನ್ನಾದರೂ ದಾಟಬೇಕಿದ್ದರೆ 500 ಮೀಟರ್ ಬಾಕಿ ಇರುವಾಗಲೇ ದಾಟುತ್ತೇನೆ. ಆ 100 ಮೀಟರ್ ಬಂದಾಗ ಲಯ ಕಾಯ್ದುಕೊಳ್ಳುವ ಕೆಲಸ ಮಾತ್ರ ಉಳಿದಿರಬೇಕು.